ಬೀಗರ ಮನೆಯ ಚಾವಣಿ

ಅಕ್-ಕುಂಗೈ ಊರಿನಲ್ಲಿ ಬರೀ ಜುಮಾದಿಲ್ ಎಂದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ತೂತು ಜುಮಾದಿಲ್ ಎನ್ನಬೇಕು. ನಲವತ್ತು ವರ್ಷ ಮನೆಗಳ ಮೇಲೆ ಚಾವಣಿ ಕೂರಿಸಿದವನು, ಕೂರಿಸಿದ ಒಂದೊಂದರಲ್ಲೂ ತೂತು ಬಿಟ್ಟವನು. ಸೂರಿನ ಅಡಿಯಲ್ಲಿ ಉದ್ದಕ್ಕೂ ಎರಡು ಬೆರಳಿನ ಸಂದು, ಅಟ್ಟದ ಎರಡು ತುದಿಯ ಗೋಡೆಗಳಲ್ಲಿ ಒಂದೊಂದು ಗವಾಕ್ಷಿ. ಉಗುಳಿದರೆ ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟುವ ಚಳಿಯ ಸೀಮೆಯಲ್ಲಿ ಇಂಥ ಮನುಷ್ಯನನ್ನು ಜನ ಆಡಿಕೊಳ್ಳದೆ ಬಿಡುತ್ತಾರೆಯೆ?

"ಅಲ್ಲಯ್ಯಾ, ಚಳಿ ಒಳಗೆ ಬರಬಾರ್ದು ಅಂತ ನಿನ್ನ ಕರ್ಸೋದು. ನೀನು ಅದಕ್ಕೇ ಬಾಗ್ಲು ಇಟ್ಟು ಹೋಗ್ತೀಯಲ್ಲ!" ಎನ್ನುವರು.

"ಚಳಿ ಅಟ್ಟದಲ್ಲಿದ್ರೆ ನಿಂಗೇನು ಕಷ್ಟ? ನೀನೇನು ಅಟ್ಟದಲ್ಲಿ ಮಲಗ್ತೀಯಾ? ಹೆಂಡ್ತಿ ಕೆಳಗಿಂದ ಓಡಿಸಿದ ದಿನ ಹೇಳು, ಬಂದು ಮುಚ್ಕೊಡ್ತೀನಿ" ಎನ್ನುವನು ಜುಮಾದಿಲ್. ಅದಕ್ಕೂ ಬಗ್ಗದವರಿಗೆ ಇನ್ನೊಂದು ಇತ್ತು. "ನಿಮ್ಮಜ್ಜ ಇದ್ದಿದ್ದು ಉಣ್ಣೆ ಗುಡಾರದಲ್ಲಿ. ಅದರ ನೆತ್ತೀಲಿ ಬಂಡಿ ಚಕ್ರದಷ್ಟು ತೂತು. ಚಳಿಗೆ ಸತ್ನಾ? ತೊಂಬತ್ತು ವರ್ಷ ಬದುಕಿ ಮೂರು ಮದುವೆ ಆದ!"

ಈ ವಿದ್ಯೆ ಅವನ ಸ್ವಂತದ್ದಲ್ಲ. ಸರ್ಕಾರಿ ಫಾರ್ಮಿನ ಕಟ್ಟಡದ ತಂಡದಲ್ಲಿ ಯಾಕೋಬ್ ಎಂಬ ಮುದುಕ ಬಡಗಿ ಇದ್ದ, ಯುದ್ಧಕಾಲದಲ್ಲಿ ಅಲ್ಲಿಗೆ ಗಡೀಪಾರಾಗಿ ಬಂದ ಜರ್ಮನ್ ಕುಲದವನು. ಒಂದು ಜನವರಿ ಆತ ಹದಿನೆಂಟರ ಜುಮಾದಿಲನನ್ನು ಕರೆದುಕೊಂಡು ಬಿಗಿಯಾಗಿ ಮುಚ್ಚಿದ ಅಟ್ಟವೊಂದಕ್ಕೆ ಹತ್ತಿದ. ಲಾಟೀನು ಎತ್ತಿದರೆ ತಗಡಿನ ಒಳಮೈಯೆಲ್ಲ ಬೆಳ್ಳಗೆ ಹಿಮ, ಮೊಳೆಮೊಳೆಗೂ ಹಿಮದ ಟೋಪಿ. ಹೊರಗಿನಿಂದ ಬಂದ ಹಿಮವಲ್ಲ ಅದು. ಕೆಳಗೆ ಕುದಿಯುವ ಕಡಾಯಿ, ಚಹಾ, ಒಣಗಲು ಹಾಕಿದ ಬಟ್ಟೆ, ಎಂಟು ಜನರ ಉಸಿರು, ಎಲ್ಲದರ ಹಬೆಯೂ ಮೇಲೇರಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಗಟ್ಟಿಯಾಗಿತ್ತು. ಬಿಸಿಲೇರಿದಾಗ ಅದು ಕರಗಿ ತೊಲೆಗಳಿಗೆ ಇಳಿಯುತ್ತದೆ. "ಮರ ನೀರಲ್ಲಿ ಮುಳುಗಿದ್ರೂ ಬದುಕುತ್ತೆ ಮಗಾ, ಒದ್ದೆ ಉಸಿರಲ್ಲಿ ಬದುಕಲ್ಲ" ಎಂದಿದ್ದ ಯಾಕೋಬ್. ಅಟ್ಟ ತಣ್ಣಗಿರಬೇಕು, ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬೇಕು. ಇಷ್ಟೇ ವಿದ್ಯೆ. ಜುಮಾದಿಲ್ ಇದನ್ನು ಪ್ರಾರ್ಥನೆಯಷ್ಟು ನಿಷ್ಠೆಯಿಂದ ಪಾಲಿಸಿದ.

ಗಂಡಸರು ನಕ್ಕರೂ ಹೆಂಗಸರು ಅವನ ಪರವೇ ಇದ್ದರು. ಚಳಿಗಾಲಕ್ಕೆಂದು ಕಡಿದ ಕುದುರೆಯ ಮಾಂಸ, ಸೊಗುಮ್, ತೂಗುಹಾಕುವುದು ಅಟ್ಟದಲ್ಲೇ ತಾನೆ? ತೂತು ಜುಮಾದಿಲನ ಅಟ್ಟದಲ್ಲಿ ಅದು ಮಾರ್ಚಿ ತಿಂಗಳವರೆಗೂ ಕಲ್ಲಿನ ಹಾಗೆ ಇರುತ್ತಿತ್ತು. ಬೇಕಾದಾಗ ಕೊಡಲಿಯಲ್ಲಿ ಕಡಿದು ತರಬೇಕು.

ಅವನ ಒಬ್ಬಳೇ ಮಗಳು ಸಾಯ್ಕಲ್. ಬೆಟ್ಟದ ಆಚೆ ಬೋರ್ದು ಊರಿನ ಶಾರ್ಶೆನ್ ಎಂಬುವನ ಮನೆಗೆ ಕೊಟ್ಟಿದ್ದ. ಶಾರ್ಶೆನ್ ಹಿಂದೆ ಫಾರ್ಮಿನ ಟ್ರ್ಯಾಕ್ಟರು ಶೆಡ್ಡಿಗೆ ಯಜಮಾನನಾಗಿದ್ದವನು. ಫಾರ್ಮು ಮುಚ್ಚಿ ಯಾವ ಕಾಲವಾಯಿತೋ, ಗತ್ತು ಮಾತ್ರ ಹಾಗೇ ಉಳಿದಿತ್ತು. ಹನ್ನೊಂದು ವರ್ಷದ ಹಿಂದೆ, ಮದುವೆಯ ಬೇಸಿಗೆಯಲ್ಲಿ, ಜುಮಾದಿಲ್ ಬೀಗರ ಹೊಸ ಮನೆಗೆ ತಾನೇ ಚಾವಣಿ ಕೂರಿಸಿ ಕೊಟ್ಟ. ಮಗಳು ಮಲಗುವ ಮನೆ ಅಲ್ಲವೆ? ಒಂದೊಂದು ತೊಲೆಯನ್ನೂ ಕೆನ್ನೆಗೆ ಹಚ್ಚಿ ಹಸಿಯಿದೆಯೇ ಎಂದು ನೋಡಿ ಆರಿಸಿದ್ದ.

ಈ ಚಳಿಗಾಲ, ಜನವರಿ ಕೊನೆಗೆ, ಶಾರ್ಶೆನ್ ಸೊಗುಮ್ ಊಟಕ್ಕೆ ಕರೆ ಕಳಿಸಿದ. ಜುಮಾದಿಲನ ಹೆಂಡತಿ ಸುಯುಮ್ಕಾನ್, ಹಸು ಈಯುವ ದಿನ ಹತ್ತಿರವೆಂದು ಉಳಿದಳು. ಹಿಮ ಬಿದ್ದರೆ ಬೆಟ್ಟದ ದಾರಿ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಜುಮಾದಿಲನಿಗೆ ಬಿಡುವಿಲ್ಲದ ಕೆಲಸ, ಮಗಳೇ ತವರಿಗೆ ಬಂದು ಹೋಗುತ್ತಿದ್ದಳು; ಹಾಗಾಗಿ ಅವನು ಬೀಗರ ಮನೆ ನೋಡಿ ನಾಲ್ಕೈದು ವರ್ಷವಾಗಿತ್ತು. ಈ ಸಲ ದಾರಿ ತೆರೆದಿತ್ತು. ಬಾಡಿಗೆ ಜೀಪು ಹತ್ತಿ ಹೊರಟ.

ಜೀಪು ಇಳಿಜಾರಿನ ತಿರುವಿಗೆ ಬಂದಾಗ ಬೋರ್ದು ಪೂರ್ತಿ ಕಾಣಿಸಿತು. ಎಲ್ಲ ಮನೆಗಳ ಮೇಲೂ ಮೊಣಕಾಲುದ್ದ ಹಿಮ. ಒಂದು ಮನೆಯ ನೆತ್ತಿ ಮಾತ್ರ ಕಪ್ಪಗೆ, ತಗಡು ಕಾಣುವಂತೆ ಕರಗಿತ್ತು. ಅದೇ ಮನೆಯ ಸೂರಿನುದ್ದಕ್ಕೂ ಮುಂಗೈ ದಪ್ಪದ ಹಿಮಗೋಲುಗಳು ಇಳಿಬಿದ್ದಿದ್ದವು, ಅವುಗಳ ಹಿಂದೆ ಮಂಜುಗಡ್ಡೆಯ ಕಟ್ಟೆ.

"ಎಷ್ಟು ಚೆಂದಾಗಿ ಹೊಳೀತಿದೆ ನೋಡಿ ನಿಮ್ಮ ಬೀಗರ ಮನೆ" ಎಂದ ಡ್ರೈವರು.

ಜುಮಾದಿಲನ ಕಣ್ಣು ಆ ಕಪ್ಪು ನೆತ್ತಿಯ ಮೇಲೇ ಇತ್ತು. ಒಳಗಿನ ಬಿಸಿ ಅಟ್ಟಕ್ಕೇರಿ, ಅಲ್ಲಿಂದ ಆಚೆ ಹೋಗದೆ, ಮೇಲಿನ ಹಿಮವನ್ನು ಕರಗಿಸುತ್ತಿದೆ; ಕರಗಿದ್ದು ಸೂರಿಗಿಳಿದು ಗಡ್ಡೆಯಾಗಿ ಭಾರ ಹೇರುತ್ತಿದೆ. ಅವನು ಕಟ್ಟಿದ ಚಾವಣಿ ಹೀಗಾಗಲು ಸಾಧ್ಯವೇ ಇರಲಿಲ್ಲ.

ಬಾಗಿಲಲ್ಲಿ ಶಾರ್ಶೆನ್ ತಬ್ಬಿಕೊಂಡ. ಅವನ ಹೆಂಡತಿ ಕಲ್ಬೂಬು ಎರಡು ಕೈಯಲ್ಲೂ ಕೈ ಹಿಡಿದು ಕುಶಲ ಕೇಳಿದಳು. ನಾಲ್ಕು ವರ್ಷದ ಮೊಮ್ಮಗಳು ನೂರ್ಪೆರಿ ಅಜ್ಜನ ಗಡ್ಡ ಎಳೆದಳು. ಅಳಿಯ ಎರ್ಮೆಕ್ ಕುರಿಗಳ ಜೊತೆ ಮೇಲಿನ ಚಳಿಗಾಲದ ಹಟ್ಟಿಯಲ್ಲಿದ್ದ, ಇಳಿಯುವುದು ಇನ್ನು ವಸಂತಕ್ಕೆ. ಜುಮಾದಿಲನನ್ನು ದೊಡ್ಡ ಕೋಣೆಯಲ್ಲಿ, ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಕೂರಿಸಿದರು. ತಲೆ ಎತ್ತಿ ನೋಡಿದ. ಹೊಸದಾಗಿ ಸುಣ್ಣ ಬಳಿದ ಮಾಳಿಗೆಯಲ್ಲಿ ಕಂದು ಕಲೆಗಳು ಆಗಲೇ ಮತ್ತೆ ಇಣುಕುತ್ತಿದ್ದವು.

"ಸಾಯ್ಕಲ್, ಕೊಟ್ಟಿಗೆಯಿಂದ ಮಾಂಸ ತಗೊಂಬಾ ಮಗಳೇ" ಎಂದಳು ಕಲ್ಬೂಬು.

"ಯಾಕೆ ಬೀಗಿತ್ತಿ, ಅಟ್ಟದಲ್ಲಿ ಇಟ್ಟಿಲ್ವಾ?" ಎಂದ ಜುಮಾದಿಲ್, ಏನೂ ಅಲ್ಲದವನ ಹಾಗೆ.

"ಈಗ ಅಟ್ಟದಲ್ಲಿ ನಿಲ್ಲಲ್ಲ ಬೀಗ್ರೇ. ಬೆವರುತ್ತೆ, ಲೋಳೆ ಬರುತ್ತೆ."

ಶಾರ್ಶೆನ್ ತೊಡೆ ತಟ್ಟಿ ನಕ್ಕ. ಪಕ್ಕದಲ್ಲಿ ಕೂತಿದ್ದ ಊರಿನ ಇಬ್ಬರು ಹಿರಿಯರಿಗೂ ಕೇಳಲೆಂದು ದನಿ ಎತ್ತಿದ. "ನಾಲ್ಕು ವರ್ಷದ ಹಿಂದೆ ಆ ಉದ್ದಬಾಲದ ಕಳ್ಳ ಕಾಗೆಗಳು ಗವಾಕ್ಷೀಲಿ ನುಗ್ಗಿ ನನ್ನ ಕುದುರೆಯ ಅರ್ಧ ಪಕ್ಕೆ ಕುಕ್ಕಿಹಾಕಿದ್ವು. ಬೀಗರು ಬಿಟ್ಟ ತೂತು ಕಾಗೆಗೆ ಹೆಬ್ಬಾಗಿಲು! ಹಳೇ ಕಂಬಳಿ ತುರುಕಿ, ಮೇಲೆ ತಗಡು ಬಡಿಸ್ಬಿಟ್ಟೆ. ಸೂರಿನ ಸಂದೂ ಬಿಟ್ಟಿಲ್ಲ. ಮಾಂಸ ಕೊಟ್ಟಿಗೆಗೆ ಹೋಯ್ತು, ಹೋಗ್ಲಿ. ಮನೆ ಹೆಂಗೆ ಬೆಚ್ಚಗಾಯ್ತು ಅಂತೀರಿ!"

ಹಿರಿಯರು ನಕ್ಕರು. ಜುಮಾದಿಲ್ ನಗುವಿಗೆ ನಗು ಸೇರಿಸಿ, "ಬೀಗ್ರೇ, ಒಂದು ಸಲ ಅಟ್ಟ ಹತ್ತಿ ನೋಡಿ ಬರ್ತೀನಿ" ಎಂದ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳಿಯ ನೂರು ವರ್ಷದ ನಂಟು, ಬೀಗ ಸಾವಿರ ವರ್ಷದ ನಂಟು ಎನ್ನುವ ಜನ ಅವರು. ಬೀಗ ಮನೆಗೆ ಬಂದರೆ ಕೈತೊಳೆಯಲು ನೀರೂ ತಾನೇ ಬಗ್ಗಿಸಿಕೊಳ್ಳಬಾರದು. ಅಂಥವನು ಏಣಿ ಹತ್ತಿ ಮನೆಯ ಹುಳುಕು ಹುಡುಕುವುದೆಂದರೆ ಕಳ್ಳತನಕ್ಕಿಂತ ಒಂದು ತೂಕ ಹೆಚ್ಚು.

"ಬೀಗರನ್ನ ಏಣಿ ಹತ್ತಿಸಿ ಊರೋರ ಬಾಯಿಗೆ ಬೀಳ್ಲಾ ನಾನು?" ಎಂದ ಶಾರ್ಶೆನ್. "ಕೂತ್ಕೊಳ್ಳಿ, ಚಹಾ ಕುಡೀರಿ."

ಜುಮಾದಿಲ್ ಒಂದು ಬಟ್ಟಲು ಕುಡಿದ, ಎರಡು ಕುಡಿದ. ಬಯಲಿಗೆ ಹೋಗಿಬರುವೆನೆಂದು ಎದ್ದು ಮನೆಯ ಹಿಂಬದಿಗೆ ಹೋದ. ಸೌದೆ ರಾಶಿಯ ಮೇಲೆ ನಿಂತರೆ ಸೂರು ಕೈಗೆ ಎಟುಕುತ್ತಿತ್ತು. ತಗಡು ಬಾಗಿಸಿ, ನೆನೆದು ಗಟ್ಟಿಯಾದ ಕಂಬಳಿ ಚೂರನ್ನು ಕಿತ್ತು, ಜೇಬಿನ ಚಾಕುವನ್ನು ತೊಲೆಯ ಬುಡಕ್ಕೆ ಒತ್ತಿದ. ತಡೆಯೇ ಸಿಗಲಿಲ್ಲ. ಹಿಡಿಯವರೆಗೂ ಸದ್ದಿಲ್ಲದೆ ಒಳಗಿಳಿಯಿತು. ಹೊರಗೆಳೆದರೆ ಅಲಗಿನ ಮೇಲೆ ಕಂದು ಹಿಟ್ಟು, ನಡುಚಳಿಗಾಲದಲ್ಲಿ ಅಣಬೆಯ ವಾಸನೆ. ಪಕ್ಕದ ತೊಲೆ ನೋಡಿದ, ಅದರ ಪಕ್ಕದ್ದನ್ನೂ. ಕೈಗೆ ಸಿಕ್ಕ ಐದರಲ್ಲಿ ನಾಲ್ಕು ಸತ್ತಿದ್ದವು. ಅವು ದೊಡ್ಡ ಕೋಣೆಯ ಮೇಲೆ ಹಾಯ್ದ ತೊಲೆಗಳು. ಇನ್ನೊಂದು ದೊಡ್ಡ ಹಿಮ ಬಿದ್ದರೆ ನಿಲ್ಲುವಂಥವಲ್ಲ.

"ಅಪ್ಪಾ!"

ಬೂದಿಯ ಬಕೆಟ್ಟು ಹಿಡಿದು ಸಾಯ್ಕಲ್ ನಿಂತಿದ್ದಳು.

"ಏನ್ ಮಾಡ್ತಿದ್ದೀಯಾ ಇಲ್ಲಿ? ಕೈಲಿ ಚಾಕು ಬೇರೆ! ಯಾರಾದ್ರೂ ನೋಡಿದ್ರೆ?"

"ಮಗಳೇ, ಈ ತೊಲೆ..."

"ತೊಲೆಗಿಲೆ ಆಮೇಲೆ. ಅತ್ತೆ ಹನ್ನೊಂದು ವರ್ಷದಲ್ಲಿ ನಂಗೆ ಒಂದು ಗಡುಸು ಮಾತು ಆಡಿಲ್ಲ. ಹೆರಿಗೇಲಿ ನಲವತ್ತು ದಿನ ನನ್ನ ತಲೆ ಬಾಚಿದ್ದು ಅವರು. ನೀನು ಬಂದು ಅವರ ಮನೆ ತಪ್ಪು ಎಣಿಸಿ ಹೋದ್ರೆ ನಾನು ಹೆಂಗಪ್ಪ ತಲೆ ಎತ್ಲಿ? ಬಾ, ಒಳಗೆ ಬಾ. ದಮ್ಮಯ್ಯ."

ಅವನು ಚಾಕು ಮಡಿಸಿ ಜೇಬಿಗೆ ಹಾಕಿಕೊಂಡ.

ಊಟದ ನಡುವೆ ಹಿರಿಯರಲ್ಲೊಬ್ಬ, "ದಕ್ಷಿಣ ಕಪ್ಪಿಟ್ಟಿದೆ, ನನ್ನ ಕುರಿ ಬೆಳಗಿಂದ ರೊಪ್ಪ ಬಿಟ್ಟು ಹೊರಗೆ ಬರ್ತಿಲ್ಲ. ಮೂರು ದಿನದ ಹಿಮ ಇದೆ" ಎಂದ. ಜುಮಾದಿಲನದು ಬಿಸಿತುಪ್ಪ ಬಾಯಿಗಿಟ್ಟವನ ಪಾಡು, ನುಂಗಲಾರ, ಉಗುಳಲಾರ. ಕೊನೆಗೆ ಮೆಲ್ಲಗೆ ಅಂದ: "ಬೀಗ್ರೇ, ಆ ಕಂಬಳಿ ಕಿತ್ತುಹಾಕ್ಸಿ. ಈ ಕೋಣೆಗೆ ನಡುವೆ ಎರಡು ಕಂಬ ಕೊಟ್ರೆ ಒಳ್ಳೇದು. ಒಂದಷ್ಟು ದಿನ ಮಗೂನ ಇಲ್ಲಿ ಆಡೋಕೆ ಬಿಡಬೇಡಿ."

ಶಾರ್ಶೆನ್ ಚಾಕುವಿನಿಂದ ಮಾಂಸ ಹೆರೆಯುವುದನ್ನು ನಿಲ್ಲಿಸಿದ. ಮುಖ ಕೆಂಪಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಕೇಳಿದ್ರಾ ಹಿರಿಯರೇ? ಚಾವಣಿ ಬೀಳುತ್ತಂತೆ. ಅಲ್ಲ ಬೀಗ್ರೇ, ಇದು ಯಾರು ಮಾಡಿದ ಚಾವಣಿ? ಹನ್ನೊಂದೇ ವರ್ಷಕ್ಕೆ ಬೀಳೋ ಅಂಥದ್ದನ್ನ ಮಗಳ ಮನೆಗೆ ಮಾಡ್ಕೊಟ್ರಾ? ನನ್ನ ಅಜ್ಜನ ಕುರಿರೊಪ್ಪ ಅರವತ್ತು ವರ್ಷದಿಂದ ನಿಂತಿದೆ, ಅದಕ್ಕೆ ಮೇಸ್ತ್ರೀನೇ ಇರ್ಲಿಲ್ಲ!"

ನಗು ಎದ್ದಿತು. ಜುಮಾದಿಲನ ಕಿವಿ ಬಿಸಿಯಾಯಿತು. ನಲವತ್ತು ವರ್ಷದಲ್ಲಿ ಅವನ ತೂತಿಗೆ ನಕ್ಕವರಿದ್ದರು, ಅವನ ಕೆಲಸಕ್ಕೆ ನಕ್ಕವರಿರಲಿಲ್ಲ. ಚಾಕು ಹಿಡಿಯವರೆಗೆ ಇಳಿಯಿತು ಎಂದು ಆಗ ಹೇಳಬೇಕಿತ್ತು. ಎದ್ದು ಹೋಗಿ ಆ ಕೊಳೆತ ಹಿಟ್ಟನ್ನು ತಂದು ಊಟದ ಬಟ್ಟೆಯ ಮೇಲೆ ಸುರಿಯಬೇಕಿತ್ತು. ಬಾಗಿಲ ಬಳಿ ನಿಂತ ಸಾಯ್ಕಲ್ ತಲೆಯಾಡಿಸುತ್ತಿದ್ದಳು, ಬೇಡ ಎಂದು. ಅವನು ಬಾಯಿ ಮುಚ್ಚಿದ. ಮುಚ್ಚಿದ್ದು ಮಗಳಿಗಾಗಿಯೋ ತನ್ನ ಉರಿಗಾಗಿಯೋ ಎಂಬುದು ಆಮೇಲೆ ಅವನಿಗೂ ಬಗೆಹರಿಯಲಿಲ್ಲ.

ಆದರೆ ಮಗಳನ್ನೂ ಮಗುವನ್ನೂ ಆ ತೊಲೆಗಳ ಕೆಳಗೆ ಬಿಟ್ಟು ಹೋಗುವುದು ಅವನ ಕೈಲಾಗಲಿಲ್ಲ. ಬೀಗನ ಚಾವಣಿಯ ಬಗ್ಗೆ ಮಾತಾಡಲು ಅವನಿಗೆ ಹಕ್ಕಿರಲಿಲ್ಲ. ಮಗಳನ್ನು ತವರಿಗೆ ಕರೆಯಲು ಹಕ್ಕಿತ್ತು. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ.

"ಅವಳ ಅಮ್ಮಂಗೆ ಮೈ ಸರಿಯಿಲ್ಲ" ಎಂದ. ಬದುಕಿನಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. "ಬೀಗರಿಗೆ ಗಾಬರಿ ಆಗ್ಬಾರ್ದು ಅಂತ ಇಷ್ಟೊತ್ತು ಹೇಳಿರ್ಲಿಲ್ಲ. ಮಗಳು ಮೊಮ್ಮಗಳನ್ನ ನೋಡ್ಬೇಕು ಅಂತಿದಾಳೆ. ದಾರಿ ಮುಚ್ಚೋ ಮುಂಚೆ ಕರ್ಕೊಂಡು ಹೋಗ್ತೀನಿ."

"ಅಯ್ಯೋ, ಇದಕ್ಕೂ ಕೇಳಬೇಕಾ!" ಕಲ್ಬೂಬು ತಾನೇ ಎದ್ದು ಮಗುವಿಗೆ ಕುರಿಚರ್ಮದ ಅಂಗಿ ತೊಡಿಸಿದಳು. ಕುದುರೆಯ ಪಕ್ಕೆಯ ಒಳ್ಳೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿದಳು. "ಇದರ ಸಾರು ಕುಡಿಸಿ ಬೀಗಿತ್ತಿಗೆ. ಎರಡೇ ದಿನಕ್ಕೆ ಎದ್ದು ಕೂರ್ತಾಳೆ. ಹೋಗಿ ಬಾ ಮಗಳೇ, ನನ್ನ ಯೋಚ್ನೆ ಮಾಡಬೇಡ."

ಜುಮಾದಿಲ್ ಆ ಗಂಟನ್ನು ಎರಡು ಕೈಯಲ್ಲಿ ಇಸಿದುಕೊಂಡ. ಅವಳ ಮುಖ ನೋಡಲಾಗಲಿಲ್ಲ. "ನೀವೂ ಬನ್ನಿ ಬೀಗಿತ್ತಿ" ಎಂದ, ಗಂಟನ್ನು ನೋಡುತ್ತಾ.

"ನಾನು ಬಂದ್ರೆ ಈ ಮುದುಕಂಗೆ ಚಹಾ ಕಾಸೋರು ಯಾರು?" ಎಂದು ನಕ್ಕಳು.

ಈ ಜನರಲ್ಲಿ ಮೊದಲ ಸಲ ಕರೆದಾಗ ಯಾರೂ ಹೂಂ ಅನ್ನುವುದಿಲ್ಲ. ಎರಡನೆಯ ಸಲಕ್ಕೆ ನಾಚುತ್ತಾರೆ, ಮೂರನೆಯ ಸಲಕ್ಕೆ ಏಳುತ್ತಾರೆ. ಸಣ್ಣ ಮಗುವಿಗೂ ಗೊತ್ತಿರುವ ರೀತಿ ಇದು. ಜುಮಾದಿಲ್ ಒಂದೇ ಸಲ ಕರೆದು ಜೀಪು ಹತ್ತಿದ. ಎರಡನೆಯ ಸಲ ಕರೆದಿದ್ದರೆ ಶಾರ್ಶೆನ್ ಯಾಕೆ ಎನ್ನುತ್ತಿದ್ದ. ಯಾಕೆಂದು ಹೇಳಿದ್ದರೆ ಜಗಳವಾಗಿ ಮಗಳು ಹೊರಡುತ್ತಿರಲಿಲ್ಲ. ಜೀಪು ತಿರುವು ದಾಟಿದಾಗ ಮೊಮ್ಮಗಳು ತೊಡೆಯ ಮೇಲಿದ್ದಳು, ಮಗಳು ಪಕ್ಕದಲ್ಲಿದ್ದಳು. ಆಗ ಅವನಿಗೆ ಆದದ್ದು ಸಂತೋಷವೇ. ಇನ್ನೇನೂ ಅಲ್ಲ.

ಮನೆ ಮುಟ್ಟಿದಾಗ ಸುಯುಮ್ಕಾನ್ ಅಂಗಳದಲ್ಲಿ ಹುಲ್ಲಿನ ಹೊರೆ ಹೊತ್ತು ನಿಂತಿದ್ದಳು. ಸಾಯ್ಕಲ್ ಅಪ್ಪನ ಕಡೆ ತಿರುಗಿ, "ಅಮ್ಮಂಗೆ ಮೈ ಸರಿಯಿಲ್ಲ ಅಂದೆ?" ಎಂದಳು.

"ನಿನ್ನ ನೋಡ್ದೆ ಇದ್ದಿದ್ರೆ ಕೆಡ್ತಿತ್ತು."

ಅವಳು ನಕ್ಕುಬಿಟ್ಟಳು. ವಯಸ್ಸಾದ ಅಪ್ಪನ ಚೇಷ್ಟೆ ಎಂದುಕೊಂಡಳು. ಒಂದು ಗಂಟೆಯಲ್ಲಿ ಹಿಮ ಶುರುವಾಯಿತು.

ಗಾಳಿಯಿಲ್ಲದ, ಸದ್ದಿಲ್ಲದ, ತೂಕದ ಹಿಮ. ಮೊದಲ ದಿನ ಬೇಲಿ ಮುಳುಗಿತು, ಎರಡನೆಯ ದಿನ ಬೆಟ್ಟದ ದಾರಿ ಮುಚ್ಚಿತು. ಜುಮಾದಿಲ್ ಗಂಟೆಗೊಮ್ಮೆ ಬಾಗಿಲಿಗೆ ಹೋಗಿ ಮೊಳಗೋಲು ಅದ್ದಿ ನೋಡಿ ಬರುತ್ತಿದ್ದ. "ಏನು, ಹಿಮಕ್ಕೆ ಅಂಗಿ ಹೊಲಿಸ್ತೀಯಾ?" ಎಂದು ಸುಯುಮ್ಕಾನ್ ರೇಗಿಸಿದಳು. ಅವನು ಮೊಳಗೋಲು ಒರೆಸಿ ಬಾಗಿಲ ಪಕ್ಕ ಒರಗಿಸಿಟ್ಟ.

ಮೂರನೆಯ ದಿನ ಮಧ್ಯಾಹ್ನ ಸಾಯ್ಕಲ್ ಅತ್ತೆಗೆ ಫೋನು ಮಾಡಿದಳು. "ಮಾಳಿಗೆ ಸೋರ್ತಾ ಇದ್ಯಂತೆ ಅಪ್ಪಾ" ಎಂದಳು, ಫೋನು ಕಿವಿಗಿಟ್ಟುಕೊಂಡೇ. "ದೊಡ್ಡ ಕೋಣೇಲಿ ಬೇಸಿನ್ ಇಟ್ಟಿದಾರಂತೆ. ಏನೋ ಟಕ್ ಟಕ್ ಅಂತ ಸದ್ದೂ ಬರುತ್ತಂತೆ. ಮಾವ ಮಾತಾಡ್ಬೇಕಂತೆ ನಿನ್ನ ಹತ್ರ."

ಜುಮಾದಿಲ್ ಫೋನು ತೆಗೆದುಕೊಂಡ. ಟಕ್ ಟಕ್ ಎನ್ನುವುದು ತೊಲೆ ಬಾಗಿ ಮೊಳೆಗಳು ಕಿತ್ತುಬರುವ ಸದ್ದೆಂದು ಅವನಿಗೆ ಗೊತ್ತಿತ್ತು.

"ಏನು ಬೀಗ್ರೇ!" ಶಾರ್ಶೆನನ ದನಿ ಗಂಟೆಯ ಹಾಗಿತ್ತು. "ಸೊಂಟದುದ್ದ ಬಿದ್ದಿದೆ ಇಲ್ಲಿ. ನಿಮ್ಮ ಚಾವಣಿ ನಿಂತೇ ಇದೆ! ಕಂಬಾನೂ ಬೇಕಾಗ್ಲಿಲ್ಲ, ಗಿಂಬಾನೂ ಬೇಕಾಗ್ಲಿಲ್ಲ!"

ಆಚೆ ಯಾರೋ ನಕ್ಕದ್ದು ಕೇಳಿಸಿತು. ಆಗಲೇ ಹೊರಗೆ ಬನ್ನಿ ಎಂದು ಕಿರುಚಿದ್ದರೆ ಸಾಕಿತ್ತು. ಕಿರುಚಬೇಕೆಂದೇ ಬಾಯಿ ತೆರೆದ.

"ನಿಂತಿದ್ರೆ ಒಳ್ಳೇದೇ" ಎಂದು ಫೋನು ಮಗಳಿಗೆ ಕೊಟ್ಟುಬಿಟ್ಟ.

ನಾಲ್ಕನೆಯ ದಿನ ಆಕಾಶ ತಿಳಿಯಾಯಿತು. ಬಿಸಿಲು ಬಂತು. ಬಿಸಿಲಿಗೆ ಮೇಲಿನ ಹಿಮ ಕರಗಿ ಕೆಳಗಿಳಿದು, ಸೂರಿನ ಗಡ್ಡೆಯ ಕಟ್ಟೆಗೆ ತಡೆದು, ಭಾರವೆಲ್ಲ ಒಂದೇ ಕಡೆ ಕೂಡುತ್ತದೆ. ಶಾರ್ಶೆನ್ ಅಂಗಳದಲ್ಲಿ ಕೊಟ್ಟಿಗೆಗೆ ದಾರಿ ತೋಡುತ್ತಿದ್ದ. ಕಲ್ಬೂಬು ತುಂಬಿದ ಬೇಸಿನ್ನು ಚೆಲ್ಲಿ ಬರಲು ದೊಡ್ಡ ಕೋಣೆಗೆ ಹೋಗಿದ್ದಳು. ನಡುವಿನ ನಾಲ್ಕು ತೊಲೆ ಒಟ್ಟಿಗೆ ಮುರಿದವಂತೆ. ಕೊಳೆತ ಮರಕ್ಕೆ ಸದ್ದೂ ಇರುವುದಿಲ್ಲ; ತಗಡು ಬಿದ್ದ ಮೇಲೆ ಅಕ್ಕಪಕ್ಕದವರಿಗೆ ಗೊತ್ತಾದದ್ದು. ಅಗೆದು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ದಿನದ ಮೇಲೆ ದಾರಿ ತೆರೆಯಿತು. ಬೋರ್ದುವಿನ ಆ ಅಂಗಳದಲ್ಲಿ ಸತ್ತವಳಿಗೆಂದು ಉಣ್ಣೆ ಗುಡಾರ ಹಾಕಿದ್ದರು. ರೀತಿಯಂತೆ ಜುಮಾದಿಲ್ ದೂರದಿಂದಲೇ ದೊಡ್ಡ ದನಿಯಲ್ಲಿ ಗೋಳಿಡುತ್ತಾ ಬರಬೇಕು. ಅವನು ಗೋಳಿಡದೆ, ನೆಲ ನೋಡುತ್ತಾ ನಡೆದು ಬಂದ. ಹಟ್ಟಿಯಿಂದ ಇಳಿದು ಬಂದಿದ್ದ ಎರ್ಮೆಕ್‌ನ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಶಾರ್ಶೆನ್ ಬಂದು ಅವನ ಕೊರಳಿಗೆ ಬಿದ್ದ. ಗತ್ತೆಲ್ಲ ಉದುರಿಹೋಗಿತ್ತು.

"ನೀವು ಹೇಳಿದ್ರಿ ಬೀಗ್ರೇ. ನಾನು ನಕ್ಕುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ."

ಹಿರಿಯರು ಹತ್ತಿರ ಬಂದು ಸಮಾಧಾನ ಹೇಳಿದರು. ದೇವರು ದೊಡ್ಡವನು, ಮಗಳನ್ನೂ ಮೊಮ್ಮಗಳನ್ನೂ ಸರಿಯಾದ ಹೊತ್ತಿಗೆ ನಿಮ್ಮ ಕೈಲಿ ಎತ್ತಿಸಿದ ಎಂದರು. ಜುಮಾದಿಲನಿಗೆ ಅವರು ಒಬ್ಬೊಬ್ಬರೂ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಸಾಯ್ಕಲ್ ಗುಡಾರದ ಹಿಂದೆ ಅಪ್ಪನ ಮುಂದೆ ನಿಂತಳು. ಅತ್ತು ಅತ್ತು ಅವಳ ಮುಖ ಬೇರೆ ಯಾರದೋ ಆಗಿತ್ತು.

"ಆವತ್ತು ಚಾಕು ಹಿಡ್ಕೊಂಡು ನಿಂತಿದ್ಯಲ್ಲ, ಆಗ್ಲೇ ಗೊತ್ತಿತ್ತಾ?"

"ಹೇಳಿದ್ನಲ್ಲ ಮಗಳೇ. ಎಲ್ಲರ ಮುಂದೇನೇ ಹೇಳ್ದೆ. ನಿಮ್ಮ ಮಾವ ಕೇಳ್ಲಿಲ್ಲ."

"ಕಂಬ ಕೊಡಿ ಅಂದೆ. ಬೀಳುತ್ತೆ ಅಂತ ಅಂದ್ಯಾ? ಜೀಪಲ್ಲಿ ನನ್ನ ಪಕ್ಕ ಮೂರು ಗಂಟೆ ಕೂತಿದ್ದೆ. ನಂಗೆ ಅಂದ್ಯಾ?"

"ನಿಂಗೆ ಅಂದಿದ್ರೆ ನೀನು ಬರ್ತಿರ್ಲಿಲ್ಲ."

"ಹೌದು, ಬರ್ತಿರ್ಲಿಲ್ಲ. ಅವರನ್ನ ಹೊತ್ಕೊಂಡಾದ್ರೂ ಹೊರಗೆ ತರ್ತಿದ್ದೆ."

ನಿನ್ನನ್ನು ಉಳಿಸಿದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡದಿರುವಷ್ಟು ಬುದ್ಧಿಯಾದರೂ ಅವನಿಗೆ ಉಳಿದಿತ್ತು. ಅವಳು ಗುಡಾರದೊಳಕ್ಕೆ ಹೋಗಿ ಹೆಂಗಸರ ಜೊತೆ ಗೋಡೆಗೆ ಮುಖ ಮಾಡಿ ಕೂತು ಮತ್ತೆ ಗೋಳಿಡತೊಡಗಿದಳು.

ಆ ವಸಂತದಲ್ಲಿ ಸುತ್ತಿನ ಹತ್ತೂರಿನವರು ಅಟ್ಟ ಹತ್ತಿದರು, ತುರುಕಿದ್ದ ಕಂಬಳಿ, ಹುಲ್ಲು, ಗೋಣಿಯನ್ನೆಲ್ಲ ಕಿತ್ತೆಸೆದರು. ಜುಮಾದಿಲನನ್ನು ಆಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ಎಷ್ಟು ಬೇಕೋ ಅಷ್ಟು ತೂತು ಬಿಡಿ ಎಂದು ಅವರೇ ಕೇಳುತ್ತಿದ್ದರು. ಶಾರ್ಶೆನ್ ಮನೆಗೆ ಹೊಸ ಚಾವಣಿ ಬೇಕಾಗಿತ್ತು, ಬೀಗರ ಕೈಯಿಂದಲೇ ಆಗಬೇಕು ಎಂದು ಹಟ ಹಿಡಿದ. ಜುಮಾದಿಲ್ ಇಬ್ಬರು ಕೆಲಸಗಾರರನ್ನು ಕಟ್ಟಿಕೊಂಡು ಹೋಗಿ ಹತ್ತು ದಿನ ಆ ಮನೆಯ ಮೇಲಿದ್ದ. ಗವಾಕ್ಷಿಗಳಿಗೆ ಕಾಗೆ ನುಗ್ಗದ ಹಾಗೆ ತಂತಿಯ ಬಲೆ ಹೊಡೆದ. ಎಂದೋ ಹೊಡೆಯಬಹುದಾಗಿತ್ತು, ಒಂದು ಗಳಿಗೆಯ ಕೆಲಸ.

ಮೊದಲ ದಿನ ಮಧ್ಯಾಹ್ನ ಸಾಯ್ಕಲ್ ಅಂಗಳದಲ್ಲಿ ಬಟ್ಟೆ ಹಾಸಿ ರೊಟ್ಟಿ ಮುರಿದಿಟ್ಟಳು. ಮೂವರಿಗೂ ಒಂದೊಂದು ಬಟ್ಟಲು ಬಗ್ಗಿಸಿದಳು. ಜುಮಾದಿಲ್ ಏಣಿಯ ಮೇಲೆ ನಿಂತೇ ಇದ್ದ, ಅವಳು ಕರೆಯಲಿ ಎಂದು. ಅವಳು ತಲೆ ಎತ್ತಿದಳು. ತಲೆವಸ್ತ್ರ ಸರಿಮಾಡಿಕೊಂಡು, ಹೊರಗಿನವರೊಡನೆ ಮಾತಾಡುವ ಮರ್ಯಾದೆಯ ದನಿಯಲ್ಲಿ ಹೇಳಿದಳು:

"ಮೇಸ್ತ್ರಿಗಳೇ, ಇಳಿದು ಬನ್ನಿ. ಚಹಾ ಆರ್ತಾ ಇದೆ."